ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ?

ನನ್ನ ಚಿಕ್ಕಮ್ಮನ ಮಗ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಒಂದು ಡೇರಿ ಫಾರ್ಮಿನಲ್ಲಿ ಕೆಲಸ ಮಾಡುತ್ತಾನೆ. ನಾನು ಉಡುಪಿಯಲ್ಲಿ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಹೊತ್ತಿಗೆ ಅವನ ಮಧ್ಯಾಹ್ನದ ಊಟ ಆಗಿರುತ್ತದೆ, ನನ್ನ ಫೋನಿನಲ್ಲಿ ಅವನ ವಾಯ್ಸ್ ಮೆಸೇಜು ಬಂದು ಕೂತಿರುತ್ತದೆ. ಸಾಮಾನ್ಯವಾಗಿ ಅಲ್ಲಿಯ ಚಳಿ, ದನ, ಸಂಬಳ, ಅಮ್ಮನ ಬಿಪಿ, ಇಷ್ಟೇ ವಿಷಯ. ಈಚೆಗೆ ಶುರುವಾದದ್ದು ಬೇರೆ. "ಅಣ್ಣ, ನಂಗೆ ಲೈಸೆನ್ಸ್ ಸಿಕ್ತು. ರೈಫಲ್ ತೆಗೀಬೇಕು. ಯಾವ ಕ್ಯಾಲಿಬರ್ ತಗೊಳ್ಳುವ? ನಮ್ಮ ಮನೇಲಿ ಕೋವಿ ಉಂಟಲ್ಲ, ಮಾವನ ಹತ್ರ ಒಮ್ಮೆ ಕೇಳು."

ಮಾವನ ಹತ್ರ ಕೋವಿ ಇರುವುದು ಹೌದು. ಹೆಬ್ರಿ ಕಡೆಯ ನಮ್ಮ ಅಜ್ಜಿಮನೆಯಲ್ಲಿ, ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ, ಒಂಟಿ ನಳಿಗೆಯ ಹನ್ನೆರಡು ಬೋರಿನದ್ದು. ಆದರೆ ಮಾವ ಜೀವಮಾನದಲ್ಲಿ ಯಾವತ್ತೂ ಕ್ಯಾಲಿಬರ್, ಅಂದರೆ ಗುಂಡಿನ ಮತ್ತು ನಳಿಗೆಯ ಅಳತೆ, ಆರಿಸಿದವರಲ್ಲ. ನಮ್ಮ ಕಡೆ ಯಾರೂ ಆರಿಸಿದವರಲ್ಲ. ಅಜ್ಜನ ಕಾಲದ ಕೇಪಿನ ಕೋವಿ ಇತ್ತು, ಅದು ಹಾಳಾದ ಮೇಲೆ ತೋಟೆ ಕೋವಿ ಬಂತು, ಅಷ್ಟೇ ಚರಿತ್ರೆ. ಹಾಗಾಗಿ ತಮ್ಮನ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರ ಇರಲಿಲ್ಲ. ನಾನೇ ಓದಿಕೊಂಡೆ, ಅವನು ಕಳಿಸಿದ ವಿಡಿಯೋ ನೋಡಿದೆ, ವಾದ ಮಾಡಿದೆ. ನಾನು ಕೋವಿ ಹಿಡಿದು ಬೇಟೆಗೆ ಹೋಗುವ ಮನುಷ್ಯ ಅಲ್ಲ. ಆದರೂ ಈ ವಿಷಯ ತಲೆಗೆ ಹೊಕ್ಕ ಮೇಲೆ ಬಿಡಲಿಲ್ಲ. ಯಾಕೆಂದರೆ ಎಲ್ಲರೂ ಕೇಳುವುದು ಗುಂಡು ಎಷ್ಟು ಜೋರು, ಎಷ್ಟು ದೂರ ಅಂತ. ಅದು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಬರುವಾಗ ಎಲ್ಲರಿಗೂ ಸುಸ್ತಾಗಿರುತ್ತದೆ. ನನ್ನ ಪ್ರಕಾರ ಕ್ಯಾಲಿಬರ್ ಮಾತು ಶುರುವಾಗಬೇಕಾದದ್ದೇ ಅಲ್ಲಿಂದ.

ಲೈಸೆನ್ಸಿನಲ್ಲಿ ಬರೆದದ್ದೇ ಕ್ಯಾಲಿಬರ್

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಎನ್ನುವುದು ಹವ್ಯಾಸವಾಗಿ ಉಳಿದಿಲ್ಲ, ಅದು ಎಲ್ಲರಿಗೂ ಗೊತ್ತು. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಮಾವನ ಕೋವಿಯ ಕೆಲಸ ಹೆಚ್ಚಾಗಿ ಶಬ್ದ ಮಾಡುವುದು. ಹಂದಿ ಬಂದರೆ ಒಂದು ಈಡು, ಮಂಗ ಬಂದರೆ ಗರ್ನಾಲು. ನವಿಲು ಬಂದರೆ ಬಾಯಲ್ಲಿ ಬೈಗುಳ ಮಾತ್ರ, ಅದು ರಾಷ್ಟ್ರಪಕ್ಷಿ.

ಆದರೆ ಓದುತ್ತಾ ಹೋದಾಗ ನನಗೆ ಆಶ್ಚರ್ಯ ಆದ ಒಂದು ಸಂಗತಿ ಉಂಟು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ, ಬೆಳೆ ರಕ್ಷಣೆಗೆ ಅಂದರೆ ಮೊದಲು ಹೇಳುವುದು ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಯಿಂದ ಮಸಿ (ಮದ್ದಿನ ಪುಡಿ) ತುಂಬುವಂಥದ್ದು. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ನುಣುಪಾಗಿರುವ ಬೇರೆ ಕೋವಿ ಕೊಡಬಹುದು. ಆ ಜಾಗದಲ್ಲಿ ರೈಫಲಿನ, ಅಂದರೆ ನಳಿಗೆಯ ಒಳಗೆ ಸುರುಳಿ ಗೀರು ಇರುವ ಕೋವಿಯ, ಮಾತು ಬರುವುದು ಬೇರೆ ಸಂದರ್ಭಕ್ಕೆ: ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಇಟ್ಟುಕೊಳ್ಳುವ .22 (ಚುಕ್ಕಿ ಇಟ್ಟು ಬರೆಯುವ ಈ ಅಂಕಿಗಳೆಲ್ಲ ಇಂಚಿನ ಲೆಕ್ಕ). ತೋಟದ ಹಂದಿಗೆ ಅಂತ ರೈಫಲ್ ಎನ್ನುವ ಯೋಚನೆಯೇ ಅಲ್ಲಿಲ್ಲ. ಬರೆದವರ ತಲೆಯಲ್ಲಿ ಏನಿತ್ತೋ, ಜನರ ಕೈಗೆ ದೊಡ್ಡ ಆಯುಧ ಹೋಗಬಾರದು ಎಂಬ ಹಳೆ ಸರ್ಕಾರಿ ಭಯವೇ ಇರಬಹುದು. ಆದರೆ ನಮ್ಮ ಊರಿನ ಮಟ್ಟಿಗೆ ಅದು ಸರಿಯಾದ ಜಾಗಕ್ಕೇ ಬಂದು ಕೂತಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸರ್ಕಾರಿ ಭಯದ ಕಥೆಯೂ ಸಣ್ಣದಲ್ಲ. ಬ್ರಿಟಿಷರಿಗೆ ತಮ್ಮ ಸೈನ್ಯದ ತೋಟೆ ಜನರ ಕೋವಿಗೆ ಹೊಂದಬಾರದು ಅಂತ ಹಟ. ಅದಕ್ಕೆ ಸೈನ್ಯದ .303 ಜನಸಾಮಾನ್ಯರಿಗೆ ನಿಷಿದ್ಧವಾಯಿತು, 1907ರಲ್ಲಿ .450ರ ಮೇಲೂ ಇಲ್ಲಿ ನಿರ್ಬಂಧ ಬಂತು. ಆನೆ, ಹುಲಿ ಹೊಡೆಯುವ ಸಾಹೇಬರುಗಳಿಗಾಗಿ ಇಂಗ್ಲೆಂಡಿನ ಕೋವಿ ತಯಾರಕರು .465, .470 ಅಂತ ಹೊಸ ಅಳತೆಗಳನ್ನು ಹುಟ್ಟಿಸಿದರು. ಅಂದರೆ ಜಗತ್ತಿನ ಕೆಲವು ಹೆಸರುವಾಸಿ ಕ್ಯಾಲಿಬರುಗಳು ಹುಟ್ಟಿದ್ದು ಪ್ರಾಣಿಯ ಚರ್ಮದ ದಪ್ಪ ನೋಡಿ ಅಲ್ಲ, ಕಾನೂನಿನ ಸಂದಿ ನೋಡಿ. ಇಂದಿಗೂ ನಮ್ಮಲ್ಲಿ ಲೈಸೆನ್ಸಿನ ಮೇಲೆ ಸಿಗುವ ದೇಸಿ ರೈಫಲ್ ಅಂದರೆ ಮುಖ್ಯವಾಗಿ .315. ಅದು ಆಸ್ಟ್ರಿಯಾ ಸೈನ್ಯದ ಹಳೆಯ ಮ್ಯಾನ್ಲಿಕರ್ ತೋಟೆಯ ಅಳತೆ. ಆ ದೇಶದ ಸೈನ್ಯ ಅದನ್ನು ಯಾವತ್ತೋ ಕೈಬಿಟ್ಟಿದೆ, ನಮ್ಮ ಸರ್ಕಾರಿ ಕಾರ್ಖಾನೆಗಳು ಆ ಅಳತೆಯನ್ನು ಜೀವಂತ ಇಟ್ಟವು.

ತಮ್ಮನಿಗೆ ಇದೆಲ್ಲ ಹೇಳಿದರೆ ಅವನು ನಕ್ಕ. ಅವನ ಊರಿನ ಅಂಗಡಿಯಲ್ಲಿ ಗೋಡೆ ತುಂಬ ರೈಫಲ್ ಜೋಡಿಸಿಟ್ಟಿದ್ದಾರಂತೆ. ಲೈಸೆನ್ಸ್ ಕೊಡುವ ಮೊದಲು ಸುರಕ್ಷತೆಯ ಕೋರ್ಸು, ಮನೆಗೆ ಬಂದು ಲಾಕರ್ ನೋಡುವುದು, ಹತ್ತಿರದವರನ್ನು ಕೂರಿಸಿ ಈ ಮನುಷ್ಯ ಹೇಗೆ ಅಂತ ವಿಚಾರಿಸುವುದು, ಇದೆಲ್ಲ ಅಲ್ಲೂ ಉಂಟು. 2019ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಮಸೀದಿಗಳ ಮೇಲೆ ದಾಳಿ ಆದ ನಂತರ ಸೆಮಿ ಆಟೋಮ್ಯಾಟಿಕ್ ಹೆಚ್ಚಿನವು ನಿಷೇಧ ಆದವು, 2023ರಿಂದ ಪ್ರತಿ ಆಯುಧವೂ ರಿಜಿಸ್ಟರಿಗೆ ಸೇರಬೇಕು. ಆದರೆ ಪರೀಕ್ಷೆ ಎಲ್ಲ ಮನುಷ್ಯನಿಗೆ. ಅವನು ಪಾಸಾದರೆ ಬೇಟೆಯ ಸಾಮಾನ್ಯ ಬೋಲ್ಟ್ ರೈಫಲಿನಲ್ಲಿ ಯಾವ ಕ್ಯಾಲಿಬರ್ ಅಂತ ಆರಿಸುವುದು ಅವನಿಗೇ ಬಿಟ್ಟದ್ದು. ನಮ್ಮಲ್ಲಿ ಮನುಷ್ಯನ ವಿಚಾರಣೆಯೂ ಆಗುತ್ತದೆ, ಆಯುಧವನ್ನೂ ಅವರೇ ತೀರ್ಮಾನಿಸುತ್ತಾರೆ, ಮತ್ತೆ ಚುನಾವಣೆ ಬಂತು ಅಂದರೆ ಕೋವಿಯನ್ನು ಒಯ್ದು ಠಾಣೆಯಲ್ಲಿ ಇಡು ಅಂತಲೂ ಹೇಳುತ್ತಾರೆ. ಹಂದಿಗಳಿಗೆ ನೀತಿಸಂಹಿತೆ ಇಲ್ಲದಿರುವುದು ನಮ್ಮ ದುರದೃಷ್ಟ.

ಅಲ್ಲಿ ಜಿಂಕೆಯೇ ಹಂದಿ

ಇನ್ನೊಂದು ವಿಚಿತ್ರ ಅಂದರೆ ಅಲ್ಲಿ ಜಿಂಕೆ ಎಂಬುದು ಪಾಪದ ಪ್ರಾಣಿ ಅಲ್ಲ. ಆ ದೇಶಕ್ಕೆ ನೆಲದ ಮೇಲೆ ಓಡಾಡುವ ಸಸ್ತನಿಗಳೇ ಮೂಲದಲ್ಲಿ ಇರಲಿಲ್ಲ, ಬಾವಲಿ ಬಿಟ್ಟರೆ. ಕೆಂಪು ಜಿಂಕೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನವರು ತಂದು ಬಿಟ್ಟರು. ಹಿಡಿಯಲು ಹುಲಿ ಇಲ್ಲ, ಚಿರತೆ ಇಲ್ಲ. ಕಾಡಿನ ಚಿಗುರೆಲ್ಲ ಮೇಯ್ದು ಬೆಟ್ಟ ಬೋಳಾಗತೊಡಗಿದಾಗ, 1930ರ ದಶಕದಿಂದ ಸರ್ಕಾರವೇ ಸಂಬಳ ಕೊಟ್ಟು ಹೊಡೆಸಿತು. ಇವತ್ತಿಗೂ ಹೆಚ್ಚಿನ ಸರ್ಕಾರಿ ಕಾಡುಗಳಿಗೆ ಬೇಟೆಯ ಪರ್ಮಿಟ್ ಪುಕ್ಕಟೆ.

ತಾರ್ ಎಂಬ ಹಿಮಾಲಯದ ಕಾಡುಮೇಕೆಯ ಕಥೆ ಕೇಳಿದರೆ ಇನ್ನೂ ಮಜಾ. ನಮ್ಮ ದೇಶದಲ್ಲಿ ಅದು ಹುಲಿ, ನವಿಲಿನ ಜೊತೆ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿ ಕೂತ ರಕ್ಷಿತ ಪ್ರಾಣಿ. 1904ರಲ್ಲಿ ಅಲ್ಲಿಗೆ ಹೋದ ಅದರ ಸಂತತಿಯನ್ನು ಈಗ ಹೆಲಿಕಾಪ್ಟರಿನಿಂದ ಹೊಡೆದು ಸಂಖ್ಯೆ ಇಳಿಸುತ್ತಾರೆ. ಇಲ್ಲಿ ಮುಟ್ಟಿದರೆ ಜೈಲು, ಅಲ್ಲಿ ಬಿಟ್ಟರೆ ಬೈಗುಳ. ಮಾವನಿಗೆ ಇದನ್ನು ಹೇಳಿದಾಗ ಅವರು, "ಹಾಗಾದ್ರೆ ನಮ್ಮ ಹಂದಿಯನ್ನೂ ಸ್ವಲ್ಪ ಅಲ್ಲಿಗೆ ಕಳಿಸುವ" ಅಂದರು. ಹಂದಿಯೂ ಅಲ್ಲಿ ಬೇಕಾದಷ್ಟು ಉಂಟು ಅಂತ ಹೇಳಿ ನಾನು ಅವರ ಉತ್ಸಾಹ ಕೆಡಿಸಿದೆ.

ಅಂಕಿಗಳ ಗೊಂದಲ

ತಮ್ಮನ ಪಟ್ಟಿಯಲ್ಲಿ ನಾಲ್ಕು ಹೆಸರು ಇದ್ದವು: .308, .30-06, 6.5 ಕ್ರೀಡ್‌ಮೂರ್, .300 ವಿನ್‌ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್). ಮೊದಲ ಸಲ ನೋಡುವವರಿಗೆ ಈ ಹೆಸರುಗಳು ತಲೆ ಕೆಡಿಸುತ್ತವೆ. .308 ಅಂದರೆ ಗುಂಡಿನ ಅಡ್ಡಗಲ ಇಂಚಿನಲ್ಲಿ, ಸುಮಾರು 7.8 ಮಿಲಿಮೀಟರ್. .30-06ರ ಗುಂಡೂ ಅದೇ ಅಡ್ಡಗಲ. ಆ 06 ಎನ್ನುವುದು ಅಮೆರಿಕದ ಸೈನ್ಯ ಅದನ್ನು ಒಪ್ಪಿದ 1906ನೇ ಇಸವಿ. .300 ವಿನ್‌ಮ್ಯಾಗಿನ ಗುಂಡೂ ಅದೇ ದಪ್ಪ. ಮೂರಕ್ಕೂ ಗುಂಡು ಒಂದೇ, ಹಿಂದಿನ ಹಿತ್ತಾಳೆಯ ಕೊಳವೆ ಮಾತ್ರ ಬೇರೆ ಬೇರೆ ಉದ್ದ, ಬೇರೆ ಬೇರೆ ಮಸಿ. ಹನ್ನೆರಡು ಬೋರಿನ ಲೆಕ್ಕವಂತೂ ಇನ್ನೂ ಹಳೆ ಕಾಲದ್ದು: ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಒಂದು ಉಂಡೆ ಹೊಂದುವ ನಳಿಗೆ. ಅದಕ್ಕೇ ಅಂಕಿ ಜಾಸ್ತಿ ಆದಷ್ಟು ನಳಿಗೆ ಸಣ್ಣದಾಗುತ್ತದೆ. ಮಾವನ ಕೋವಿಯ ನಳಿಗೆ ಹದಿನೆಂಟೂವರೆ ಮಿಲಿಮೀಟರ್. ಬರೀ ದಪ್ಪದಲ್ಲೇ ಗೆಲ್ಲುವುದಾದರೆ ತಮ್ಮನ ಪಟ್ಟಿಯ ಎಲ್ಲದಕ್ಕೂ ಅದು ಅಪ್ಪ.

ಆದರೆ ದಪ್ಪದಲ್ಲಿ ಎಂತ ಉಂಟು? ಶಕ್ತಿ ತೂಕದ ಜೊತೆ ಅಷ್ಟಕ್ಕಷ್ಟೇ ಏರುತ್ತದೆ, ವೇಗದ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹೈಸ್ಕೂಲಿನಲ್ಲಿ ಓದಿದ್ದೇ. .308ರ ಹತ್ತು ಗ್ರಾಮಿಗೆ ಸ್ವಲ್ಪ ಕಡಿಮೆ ತೂಗುವ ಗುಂಡು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ, ಮೂರೂವರೆ ಸಾವಿರ ಜೂಲಿನಷ್ಟು ಶಕ್ತಿ. 6.5 ಕ್ರೀಡ್‌ಮೂರಿನದ್ದು ಮೂರು ಸಾವಿರದ ಆಸುಪಾಸು. .30-06 ಭಾರದ ಗುಂಡು ಹಾಕಿದರೆ ನಾಲ್ಕು ಸಾವಿರಕ್ಕೆ ಹತ್ತಿರ, .300 ವಿನ್‌ಮ್ಯಾಗ್ ಅದನ್ನೂ ದಾಟಿ ನಾಲ್ಕೂವರೆ ಸಾವಿರದ ಮೇಲೆ. ಕೆಂಪು ಜಿಂಕೆಗೆ ಈ ನಾಲ್ಕರಲ್ಲಿ ಯಾವುದೂ ಕಡಿಮೆ ಆಗುವುದಿಲ್ಲ. ಇಲ್ಲಿಗೇ ವಾದ ಮುಗಿಯಬೇಕು. ಮುಗಿಯುವುದಿಲ್ಲ.

ಮಿಲಿಮೀಟರಿನ ಲೆಕ್ಕದಲ್ಲಿ ಹೆಸರಿಟ್ಟ 6.5 ಕ್ರೀಡ್‌ಮೂರ್ 2007ರಲ್ಲಿ ಬಂದದ್ದು, ಗುರಿ ಸ್ಪರ್ಧೆಯವರಿಗೆ ಅಂತ ಮಾಡಿದ್ದು. ಸಪೂರ, ಉದ್ದದ ಗುಂಡು, ಗಾಳಿಯನ್ನು ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ, ಅಡ್ಡಗಾಳಿಗೆ ಕಡಿಮೆ ವಾಲುತ್ತದೆ. .308 ಬಂದದ್ದು 1952ರಲ್ಲಿ. ಹೊಸದನ್ನು ಹೊಗಳುವವರ ಮಾತು ಕೇಳಿದರೆ .308 ಇನ್ನೂರು ಮೀಟರಿನಲ್ಲೇ ಕಲ್ಲು ಬಿದ್ದ ಹಾಗೆ ಬೀಳುತ್ತದೆ ಅಂತ ನಂಬಬೇಕು. ಯಾವ ಗುಂಡು ಎಷ್ಟು ದೂರಕ್ಕೆ ಎಷ್ಟು ಕೆಳಗಿಳಿಯುತ್ತದೆ ಎಂಬ ಟೇಬಲ್ ತೆಗೆದು ನೋಡಿದೆ. ಎರಡರ ಗುರಿಯನ್ನೂ ಇನ್ನೂರು ಗಜಕ್ಕೆ ಹೊಂದಿಸಿಟ್ಟು ಮುನ್ನೂರು ಗಜಕ್ಕೆ ಹೊಡೆದರೆ ಎರಡೂ ಎಂಟು ಇಂಚಿನ ಆಸುಪಾಸು ಕೆಳಗೆ ಬೀಳುತ್ತವೆ. ವ್ಯತ್ಯಾಸ ಎರಡು ಬೆರಳಿನಷ್ಟೂ ಇಲ್ಲ. ಐನೂರು, ಆರುನೂರರ ನಂತರ ಹೊಸದರ ಗುಣ ಕಾಣುತ್ತದೆ, ಅದು ಹೌದು. ಆದರೆ ಮೊನ್ನೆ ಲೈಸೆನ್ಸ್ ಸಿಕ್ಕಿದವನು ಜೀವ ಇರುವ ಪ್ರಾಣಿಗೆ ಆರುನೂರು ಮೀಟರಿನಿಂದ ಗುರಿ ಇಡುವುದು ಎಂತಕ್ಕೆ ಮಾರಾಯ? ಗಾಯ ಆಗಿ ಓಡಿದರೆ ಆ ಕಣಿವೆ ದಾಟಿ ಹುಡುಕಿಕೊಂಡು ಹೋಗುವವರು ಯಾರು?

ಹೆಗಲು ಹೇಳುವ ಸತ್ಯ

ತಮ್ಮನಿಗೆ ಮನಸ್ಸು ಇದ್ದದ್ದು .300 ವಿನ್‌ಮ್ಯಾಗಿನ ಮೇಲೆ. ಗಂಡಸರಿಗೆ ದೊಡ್ಡ ಅಂಕಿ ಕಂಡರೆ ಹಾಗೆಯೇ. ಬುಲೆಟ್ ಬೈಕಿನ ಸಿಸಿ ಹೇಳುವಾಗ ಕೂಡ ಧ್ವನಿ ಬದಲಾಗುತ್ತದಲ್ವಾ? ಅವನ ಫಾರ್ಮಿನ ಒಬ್ಬ ಹಿರಿಯ ಕೆಲಸಗಾರ, ವರ್ಷಗಳಿಂದ ಬೇಟೆ ಆಡುವವನು, ಅವನನ್ನು ರೇಂಜಿಗೆ ಕರಕೊಂಡು ಹೋದ. ತಮ್ಮ ಅದನ್ನು ವಿಡಿಯೋ ಮಾಡಿಸಿ ನನಗೆ ಕಳಿಸಿದ್ದಾನೆ, ತನ್ನ ಶೌರ್ಯ ತೋರಿಸಲಿಕ್ಕೆ ಅಂತ.

ವಿಡಿಯೋದಲ್ಲಿ ಅವನು ಬೆಂಚಿನ ಹಿಂದೆ ಕೂತಿದ್ದಾನೆ, ಕಿವಿಗೆ ದೊಡ್ಡ ಮುಚ್ಚಳ, ಮರಳಿನ ಚೀಲದ ಮೇಲೆ ರೈಫಲ್. ಮೊದಲ ಗುಂಡು. ಭುಜ ಹಿಂದಕ್ಕೆ ಹೋಗಿ ಬಂತು, ಟೊಪ್ಪಿ ಕುಣಿಯಿತು. ಅವನು ಕ್ಯಾಮೆರಾ ಕಡೆ ತಿರುಗಿ ನಕ್ಕ, ಆದರೆ ಆ ನಗು ಸರಿ ಇರಲಿಲ್ಲ. ಎರಡನೆಯದು, ಮೂರನೆಯದು. ಮತ್ತೆ ಆ ಹಿರಿಯ ಬಂದು ರೈಫಲ್ ತೆಗೆದುಕೊಂಡು, ತನ್ನ ಮೈಯನ್ನು ಅಡ್ಡ ಇಟ್ಟು ಏನೋ ತುಂಬಿಸಿ ವಾಪಸ್ ಕೊಟ್ಟ. ತಮ್ಮ ಉಸಿರು ಹಿಡಿದು ಟ್ರಿಗರ್ ಒತ್ತಿದ. ಕಿಟ್ ಅಂತ ಒಂದು ಸಣ್ಣ ಶಬ್ದ, ಅಷ್ಟೇ. ಒಳಗೆ ಇದ್ದದ್ದು ಮಸಿಯಿಲ್ಲದ ಡಮ್ಮಿ ತೋಟೆ. ಆದರೆ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಕುಸಿದಿತ್ತು, ಇವನ ಎರಡೂ ಕಣ್ಣು ಮುಚ್ಚಿದ್ದವು, ಭುಜ ಮುಂದಕ್ಕೆ ತಳ್ಳಿಕೊಂಡಿತ್ತು. ಹೊಡೆತ ಬರುವ ಮೊದಲೇ ಮೈ ಹೆದರಿ ಎದುರು ತಳ್ಳುತ್ತಿತ್ತು. ಹಿಂದೆ ಯಾರೋ ಜೋರಾಗಿ ನಗುವುದು ಕೇಳುತ್ತದೆ. ತಮ್ಮ ನಗಲಿಲ್ಲ.

ನನಗೆ ಆ ವಿಡಿಯೋ ತುಂಬ ಇಷ್ಟ ಆಯಿತು. ನಾಲ್ಕೂವರೆ ಸಾವಿರ ಜೂಲಿನ ಶಕ್ತಿ ಜಿಂಕೆಯ ಪಕ್ಕದ ಕಲ್ಲಿಗೆ ಹೋದರೆ ಅದರಿಂದ ಯಾರಿಗೂ ಉಪಕಾರ ಇಲ್ಲ. ಹೆದರಿಕೆ ಮೈಗೆ ಒಮ್ಮೆ ಕೂತರೆ ಬಿಡಿಸುವುದು ಬಹಳ ಕಷ್ಟ ಅಂತ ಆ ಹಿರಿಯ ಹೇಳಿದನಂತೆ, ಅದಕ್ಕೆ ಹೊಸಬರು ಸಣ್ಣದರಿಂದ ಶುರು ಮಾಡಬೇಕು ಅಂತ. ಅದೇ ದಿನ ತಮ್ಮ .308 ಹೊಡೆದು ನೋಡಿದ, ಮುಂದೆ ಸೈಲೆನ್ಸರ್ ಹಾಕಿದ್ದು. ಸೈಲೆನ್ಸರ್ ಅಂದರೆ ನಮಗೆ ಸಿನಿಮಾದ ವಿಲನ್ ನೆನಪಾಗುತ್ತಾನೆ, ಅಲ್ಲಿ ಅದು ಸಾಧಾರಣ ಸಾಮಾನು, ಕಿವಿ ಉಳಿಸಲು ಹಾಕುತ್ತಾರೆ. ಶಬ್ದ ಕಡಿಮೆ ಆಗುತ್ತದೆ, ಒದೆತವೂ ಕಡಿಮೆ ಆಗುತ್ತದೆ.

ಮಾಂಸದ ಮಾತೂ ಬಂತು. ನಮ್ಮವರು ಯಾವ ದೇಶಕ್ಕೆ ಹೋದರೂ ಕೊನೆಗೆ ಮಾತು ಬರುವುದು ಅಡಿಗೆಮನೆಗೆ. ವೇಗದ ಗುಂಡು ಹತ್ತಿರದಿಂದ ಮುಂಗಾಲಿನ ಭುಜಕ್ಕೆ ತಾಗಿದರೆ ಅಲ್ಲಿಯ ಮಾಂಸವೆಲ್ಲ ರಕ್ತ ಕಟ್ಟಿ ಕಪ್ಪಾಗುತ್ತದೆ, ಎಸೆಯುವುದೇ. ಸೀಸದ ಗುಂಡಾದರೆ ಒಡೆದು ಸಣ್ಣ ಚೂರುಗಳು ಮಾಂಸದೊಳಗೆ ಹರಡುತ್ತವೆ. ಅದಕ್ಕೆ ಈಗ ಪೂರ್ತಿ ತಾಮ್ರದ ಗುಂಡುಗಳು ಬಂದಿವೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸವೇ ನಿಷೇಧ. ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳಿಗೆ ಸೀಸದ ವಿಷ ಏರುತ್ತಿತ್ತು. ತಮ್ಮನಿಗೆ ನಾನು ಕೊಟ್ಟ ಒಂದೇ ಒಂದು ಖಂಡಿತವಾದ ಸಲಹೆ ಇದು: ಮನೇಲಿ ಮಗು ಉಂಟು, ತಿನ್ನುವುದಾದರೆ ತಾಮ್ರದ್ದೇ ತಗೋ. ಕ್ಯಾಲಿಬರಿನಷ್ಟೇ ಗುಂಡಿನ ಜಾತಿಯೂ ಮುಖ್ಯ, ಆದರೆ ಅದರ ಬಗ್ಗೆ ಜಗಳ ಆಡಲು ಜನ ಕಡಿಮೆ.

ದರೆಗೆ ಹೊಡೆದ ಈಡು

ಈಗ ನಮ್ಮ ಊರಿನ ವಿಷಯ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ಮಳೆಗಾಲ ಮುಗಿಯುತ್ತ ಬಂದಿತ್ತು, ಬೈಲಿನ ಗದ್ದೆಯಲ್ಲಿ ಭತ್ತ ಹಾಲು ತುಂಬಿ ನಿಂತಿತ್ತು. ಹಂದಿಗಳಿಗೆ ಆ ವಾಸನೆ ಹೇಗೆ ಗೊತ್ತಾಗುತ್ತದೋ, ಅದೇ ವಾರ ಬರುತ್ತವೆ. ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಜಾಸ್ತಿ. ರಾತ್ರಿ ನಾಯಿ ಬೊಗಳಿದ ಕೂಡಲೇ ಮಾವ ಎದ್ದರು, ನಾನೂ ಟಾರ್ಚ್ ಹಿಡಿದು ಹಿಂದೆ ಹೋದೆ. ಅಡಿಕೆ ತೋಟದ ಅಂಚಿನಲ್ಲಿ ನಿಂತು ಬೆಳಕು ಹಾಕಿದಾಗ ಗದ್ದೆಯ ನಡುವೆ ಪೈರು ಅಲ್ಲಾಡುವುದು ಕಂಡಿತು, ಮತ್ತೆ ಎರಡು ಕಣ್ಣು, ಮತ್ತೆ ಇನ್ನೆರಡು.

ಮಾವ ಕೋವಿ ಮಡಚಿ ತೋಟೆ ಹಾಕಿದರು. ಆ ತೋಟೆಯ ಕೆಂಪು ಕಾಗದ ತೇವಕ್ಕೆ ಉಬ್ಬಿ ಅರ್ಧದಲ್ಲೇ ಸಿಕ್ಕಿಕೊಂಡಿತು, ಹೆಬ್ಬೆರಳಿನಲ್ಲಿ ಒತ್ತಿ ಒಳಗೆ ತಳ್ಳಿದರು. ಕೋವಿ ಎತ್ತಿದರು. ನಾನು ಕಿವಿ ಮುಚ್ಚಿಕೊಂಡೆ. ಹೊಡೆಯಲಿಲ್ಲ. ಕೋವಿ ಇಳಿಸಿ, ಹಂದಿಗೆ ಬೆನ್ನು ಹಾಕಿ, ಹಿಂದೆ ಇದ್ದ ಮುರಕಲ್ಲಿನ ದರೆಯ, ಅಂದರೆ ಕಡಿದ ಗುಡ್ಡದ ಗೋಡೆಯ, ಕಡೆ ತಿರುಗಿ, ದರೆಯ ಬುಡದ ಮಣ್ಣಿಗೆ ಗುರಿ ಇಟ್ಟು ಹೊಡೆದರು. ಮಣ್ಣು ನಮ್ಮ ಕಾಲಿಗೆ ಬಂದು ಬಿತ್ತು. ಹಂದಿಗಳು ಗದ್ದೆಯ ಆಚೆ ಬದಿ ಹಾರಿ ತೋಡು ದಾಟಿ ಹೋದವು.

ನನಗೆ ವಿಚಿತ್ರ ಅನಿಸಿತು. ಹೆದರಿಸುವುದಾದರೆ ಆಕಾಶಕ್ಕೆ ಹೊಡೆಯಬಹುದಿತ್ತಲ್ಲ ಅಂದೆ. ಮಾವ ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ಗದ್ದೆಯ ಆಚೆಗೆ ಬೆಳಕು ಹಾಕಿದರು. ತೆಂಗಿನ ಮರಗಳ ನಡುವೆ ಶೆಟ್ರ ಮನೆಯ ದನದ ಹಟ್ಟಿಯ ಶೀಟು ಹೊಳೆಯಿತು. ಅದರ ಪಕ್ಕದಲ್ಲೇ ಅವರ ಮನೆ. "ಹಂದಿಯ ಹಿಂದೆ ಎಂತ ಉಂಟು ನೋಡಿದ್ಯಾ? ಆಕಾಶಕ್ಕೆ ಹೊಡೆದದ್ದು ಆಕಾಶದಲ್ಲಿ ಉಳೀತದಾ? ದರೆಗೆ ಹೊಡೆದದ್ದು ದರೆಯಲ್ಲಿ ಉಂಟು, ನಾಳೆ ಬೇಕಾದ್ರೆ ಹೆಕ್ಕಿ ತರಬಹುದು."

ತಮ್ಮನ ಜೊತೆ ಈ ಕ್ಯಾಲಿಬರಿನ ಚರ್ಚೆ ಶುರುವಾದ ಮೇಲೆ ಆ ಮಾತಿನ ಲೆಕ್ಕ ಹಾಕಿ ನೋಡಿದೆ. ಹನ್ನೆರಡು ಬೋರಿನ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಸಣ್ಣ ಗುಂಡುಗಳು, ಕೆಲಸ ಮಾಡುವುದು ಮೂವತ್ತೈದು, ನಲವತ್ತು ಮೀಟರಿನ ಒಳಗೆ. ಅದರ ದೊಡ್ಡ ಚರೆ ಕೂಡ ಹೆಚ್ಚೆಂದರೆ ಕೆಲವು ನೂರು ಮೀಟರ್ ಹೋಗಿ ಬೀಳುತ್ತದೆ. ಸಣ್ಣದು ಅಂತ ನಾವು ತಾತ್ಸಾರ ಮಾಡುವ .22ರ ಪೆಟ್ಟಿಗೆಯ ಮೇಲೆಯೇ ಒಂದೂವರೆ ಮೈಲಿನವರೆಗೆ ಅಪಾಯ ಅಂತ ಬರೆದಿರುತ್ತದೆ. ಇನ್ನು .308ರ ಗುಂಡು ಸರಿಯಾದ ಕೋನದಲ್ಲಿ ಹೊರಟರೆ ನಾಲ್ಕು ಕಿಲೋಮೀಟರಿನಷ್ಟು ಹೋಗಬಲ್ಲದು. ಅಂದರೆ ಹೆಚ್ಚುಕಡಿಮೆ ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಹೊಡೆದದ್ದು ಉಡುಪಿಯ ರಥಬೀದಿಗೆ ಬಂದು ಬೀಳಬಹುದು. ನಮ್ಮ ಕರಾವಳಿಯಲ್ಲಿ ಊರು ಅಂದರೆ ಒಂದು ಕಡೆ ಗುಂಪಾಗಿ ಇರುವುದಲ್ಲ. ಪ್ರತಿ ತೋಟಕ್ಕೊಂದು ಮನೆ, ಪ್ರತಿ ಗುಡ್ಡದ ಬುಡಕ್ಕೊಂದು ಮನೆ. ಯಾವ ದಿಕ್ಕಿಗೆ ನಾಲ್ಕು ಕಿಲೋಮೀಟರ್ ಗೆರೆ ಎಳೆದರೂ ಅದು ಯಾರದ್ದಾದರೂ ಅಂಗಳ, ಒಂದು ಭಜನಾ ಮಂದಿರ, ಒಂದು ಶಾಲೆ ದಾಟದೆ ಹೋಗುವುದಿಲ್ಲ.

ಹಾಗಾಗಿ ನಮ್ಮ ಕೋವಿಯ ದೌರ್ಬಲ್ಯ ಅಂತ ಎಲ್ಲರೂ ಹೇಳುವುದೇ ಇಲ್ಲಿ ಅದರ ಗುಣ. ದೂರ ಹೋಗುವುದಿಲ್ಲ, ಬೇಗ ಸುಸ್ತಾಗಿ ಬೀಳುತ್ತದೆ. ಈಚೆಗೆ ನೆಂಟರೊಬ್ಬರು ಮಾವನಿಗೆ, ಇದನ್ನು ಕೊಟ್ಟು .315ಕ್ಕೆ ಅರ್ಜಿ ಹಾಕಿ, ಒಂದೇ ಗುಂಡಿಗೆ ಕೆಲಸ ಆಗ್ತದೆ ಅಂತ ಉಪದೇಶ ಮಾಡಿ ಹೋಗಿದ್ದಾರೆ. ಅವರು ಇರುವುದು ಮಂಗಳೂರಿನ ಫ್ಲ್ಯಾಟಿನಲ್ಲಿ. ಹಂದಿಯನ್ನು ದಾಟಿ ಹೋಗುವ ಗುಂಡು ಹಂದಿಯ ಹತ್ರ ನಿಲ್ಲುವುದಿಲ್ಲ ಅಂತ ಅವರಿಗೆ ಯಾರು ಹೇಳುವುದು? ಮಾವ ಹೂಂ ಅಂದು ಕಾಫಿ ಕೊಟ್ಟು ಕಳಿಸಿದರು. ಈಗ ಗದ್ದೆಗೆ ಸುತ್ತ ಐಬೆಕ್ಸ್ ಬೇಲಿ, ಅಂದರೆ ಮುಟ್ಟಿದರೆ ಶಾಕ್ ಕೊಡುವ ತಂತಿ ಬೇಲಿ, ಹಾಕಿದ್ದಾರೆ, ಹಂದಿ ಕಡಿಮೆ ಆಗಿದೆ. ಕಾಟಿ (ಕಾಡುಕೋಣ) ಬಂದರೆ ಬೇಲಿಯೂ ಇಲ್ಲ, ಗದ್ದೆಯೂ ಇಲ್ಲ, ಅದು ಬೇರೆ ಕಥೆ.

ತಮ್ಮನ ಊರಿನಲ್ಲಿ ಲೆಕ್ಕ ಬೇರೆ. ಕಣಿವೆಯ ಆಚೆಯ ಇಳಿಜಾರಿನಲ್ಲಿ ಜಿಂಕೆ ನಿಂತರೆ ಅದರ ಹಿಂದೆ ಇಡೀ ಬೆಟ್ಟವೇ ದರೆ. ಅಲ್ಲಿ ರೈಫಲಿಗೆ ಅರ್ಥ ಉಂಟು. ಆದರೆ ಜಿಂಕೆ ಬೆಟ್ಟದ ನೆತ್ತಿಯ ಗೆರೆಯ ಮೇಲೆ, ಹಿಂದೆ ಬರೀ ಆಕಾಶ ಇರುವ ಹಾಗೆ ನಿಂತರೆ, ಎಷ್ಟು ಒಳ್ಳೆ ಕೊಂಬಿದ್ದರೂ ಹೊಡೆಯಬಾರದು ಅಂತ ಅವನ ಕೋರ್ಸಿನಲ್ಲೇ ಹೇಳಿಕೊಟ್ಟಿದ್ದಾರೆ. ಅವರ ಸುರಕ್ಷತೆಯ ಏಳು ನಿಯಮಗಳಲ್ಲಿ ಗುಂಡು ಹೋಗುವ ದಾರಿಯನ್ನು ನೋಡಿಕೋ ಎನ್ನುವುದೂ ಒಂದು. ಮಾವ ಯಾವ ಕೋರ್ಸೂ ಮಾಡಿದವರಲ್ಲ.

ಕೊನೆಗೆ ತೆಗೆದದ್ದು

ಅವನು .308 ತೆಗೆದ. ನಾನು 6.5ರ ಪರ ಇದ್ದೆ, ಒದೆತ ಇನ್ನೂ ಕಡಿಮೆ ಅಂತ. ಆದರೆ ಅವನ ಕಾರಣ ನನ್ನದಕ್ಕಿಂತ ಗಟ್ಟಿ. ಅವನ ಫಾರ್ಮಿನ ಹತ್ತಿರದ ಸಣ್ಣ ಪೇಟೆಯ ಅಂಗಡಿಯಲ್ಲಿ ಯಾವಾಗಲೂ ಸಿಗುವುದು .308ರ ತೋಟೆ, ತಾಮ್ರದ ಗುಂಡಿನದ್ದೂ ಸಿಗುತ್ತದೆ. ಆ ಹಿರಿಯನದ್ದೂ .308, ಬೆಟ್ಟದಲ್ಲಿ ತೋಟೆ ಮುಗಿದರೆ ಕೇಳಿ ತಗೊಳ್ಳಬಹುದು. ಇವರು ಹೋಗುವುದು ಹೆಚ್ಚಾಗಿ ದಟ್ಟ ಕಾಡಿಗೆ, ಅಲ್ಲಿ ನೂರು ಮೀಟರಿನ ಆಚೆ ಏನೂ ಕಾಣುವುದೇ ಇಲ್ಲ. ಟೇಬಲ್ ನೋಡಿ ನಾನು ಮಾಡಿದ ವಾದವೆಲ್ಲ ಆ ಒಂದು ಮಾತಿಗೆ ಬಿದ್ದುಹೋಯಿತು.

ಮಾರ್ಚ್ ಕೊನೆಗೆ ಅಲ್ಲಿ ಗಂಡು ಜಿಂಕೆಗಳು ಕೂಗುವ ಕಾಲ ಶುರುವಾಗುತ್ತದೆ, ಏಪ್ರಿಲ್‌ವರೆಗೆ. ಬೇಟೆಯವರೆಲ್ಲ ಕಾಡಿಗೆ ನುಗ್ಗುವುದು ಆಗಲೇ, ಜಿಂಕೆಯ ಹಾಗೆ ಕೂಗಿ ಕರೆಯುವುದೂ ಉಂಟು. ಒಬ್ಬ ಕೂಗಿದ್ದಕ್ಕೆ ಇನ್ನೊಬ್ಬ ಗುರಿ ಇಟ್ಟು, ಜಿಂಕೆ ಅಂತ ತನ್ನ ಜೊತೆಗಾರನನ್ನೇ ಹೊಡೆದ ಪ್ರಕರಣಗಳು ಅಲ್ಲಿ ಆಗಿವೆ. ನಮ್ಮ ಮಲೆನಾಡಿನ ಕಡೆಯ ಪೇಪರಿನಲ್ಲಿ ಹಂದಿ ಅಂತ ತಿಳಿದು ಮನುಷ್ಯನಿಗೆ ಗುಂಡು ಅಂತ ಓದುತ್ತೇವಲ್ಲ, ಅದೇ. ಅಲ್ಲಿ .308 ಆದರೂ ಅಷ್ಟೇ, ಕೇಪಿನ ಕೋವಿ ಆದರೂ ಅಷ್ಟೇ. ಈ ವಿಷಯ ಬಂದಾಗ ಮಾವ ನನ್ನ ಫೋನನ್ನೇ ಕಿತ್ತುಕೊಂಡು ಅವನಿಗೆ ನೇರ ಹೇಳಿದರು: "ಕಣ್ಣು ಹೊಳೆದ್ರೆ ಸಾಲದು, ಕೂಗಿದ್ರೆ ಸಾಲದು. ತಲೆಯಿಂದ ಬಾಲದವರೆಗೆ ಇಡೀ ಮೈ ಕಾಣ್ಬೇಕು. ಕಾಣದಿದ್ರೆ ಮನೆಗೆ ಬಂದು ಮಲಕ್ಕೋ." ಅವನು ಆಚೆಯಿಂದ ಆಯ್ತು ಮಾವ, ಆಯ್ತು ಮಾವ ಅನ್ನುತ್ತಿದ್ದ.

ಆಮೇಲೆ ಮಾವ ರೈಫಲಿನ ಫೋಟೋ ನೋಡಿದರು. ಕನ್ನಡಕ ಮೇಲೆ ಕೆಳಗೆ ಮಾಡಿ, ಸ್ಕೋಪನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಇಷ್ಟ ಆಯಿತು ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು. "ಇದರ ತೋಟೆಗೆ ಎಷ್ಟು?" ಅಂತ ಕೇಳಿದರು. ಅವನು ಡಾಲರಿನಲ್ಲಿ ಹೇಳಿದ್ದನ್ನು ನಾನು ರೂಪಾಯಿಗೆ ತಿರುಗಿಸಿ ಪೆಟ್ಟಿಗೆಯ ಲೆಕ್ಕ ಹೇಳಿದೆ. ಮಾವ ಫೋನನ್ನು ನನ್ನ ಕೈಗೆ ಕೊಟ್ಟರು. "ಅಷ್ಟು ಕೊಡುವುದಾದ್ರೆ ಮಾಂಸ ಅಂಗಡಿಯಿಂದಲೇ ತರಬಹುದಿತ್ತಲ್ಲ ಇವನಿಗೆ."